ಸ್ಪೆಲ್ಲಿಂಗ್ ತಪ್ಪುವ ಜಾಗ

ಬೇರೆಯವರು ಬರೆದ ಇಂಗ್ಲಿಷನ್ನು ತಿದ್ದಿಕೊಡುವುದು ನನ್ನ ಕೆಲಸ. ವರದಿ, ಅರ್ಜಿ, ಸಂಶೋಧನಾ ಪ್ರಬಂಧ, ಒಮ್ಮೊಮ್ಮೆ ಇಡೀ ಪುಸ್ತಕದ ಕರಡು. ಬರೆದವರು ಎಂಜಿನಿಯರ್ ಇರಬಹುದು, ಡಾಕ್ಟರ್ ಇರಬಹುದು, ಈಗಷ್ಟೇ ಓದು ಮುಗಿಸಿದವರಿರಬಹುದು. ಒಬ್ಬರ ಮುಖ ಇನ್ನೊಬ್ಬರು ನೋಡಿರುವುದಿಲ್ಲ. ಆದರೂ ಅವರ ತಪ್ಪುಗಳೆಲ್ಲ ಮೊದಲೇ ಮಾತಾಡಿಕೊಂಡ ಹಾಗೆ ಒಂದೇ ಥರ ಇರುತ್ತವೆ. 'ಸೆಪರೇಟ್' ತಪ್ಪಿದ್ದರೆ ಅದು ಪಿ ಆದ ಮೇಲಿನ ಅಕ್ಷರದಲ್ಲೇ ತಪ್ಪಿರುತ್ತದೆ. ಅಲ್ಲಿ ಎ ಇರಬೇಕು, ಇ ಇರುತ್ತದೆ. ಮೊದಲಿನ ಎಸ್ ಅನ್ನು ಯಾರೂ ತಪ್ಪು ಬರೆಯುವುದಿಲ್ಲ. 'ಡೆಫಿನೆಟ್' ತಪ್ಪಿದ್ದರೆ ಎನ್ ಆದ ಮೇಲೆ ಐ ಬದಲು ಎ ಬಂದಿರುತ್ತದೆ. 'ಗ್ರಾಮರ್' ತಪ್ಪಿದ್ದರೆ ಕೊನೆಯ ಎ ಇರಬೇಕಾದ ಕಡೆ ಇ. ಇದು ಬಹಳ ದಿನದಿಂದ ನನ್ನನ್ನು ಕಾಡುತ್ತಿರುವ ವಿಷಯ. ಗಮನ ಕೊಡದೆ ಬರೆದದ್ದರಿಂದ ಆದ ತಪ್ಪಾದರೆ ಅದು ಪದದ ಯಾವ ಮೂಲೆಯಲ್ಲಾದರೂ ಬೀಳಬೇಕಿತ್ತು, ಅಲ್ವಾ? ಪ್ರತಿ ಸಲ ಅದೇ ಜಾಗದಲ್ಲಿ ಬೀಳುತ್ತದೆ ಎಂದರೆ ಆ ಜಾಗದಲ್ಲೇ ಏನೋ ಇದೆ.

1964ರಲ್ಲಿ ಫ್ರೆಡರಿಕ್ ಡ್ಯಾಮರೋ ಎಂಬುವರು, ಕಂಪ್ಯೂಟರಿನಿಂದ ಸ್ಪೆಲ್ಲಿಂಗ್ ತಪ್ಪು ಹುಡುಕಿಸುವುದು ಹೇಗೆ ಎಂದು ಒಂದು ಪ್ರಬಂಧ ಬರೆದರು. ಅವರು ನೋಡಿದ ತಪ್ಪುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ತಪ್ಪುಗಳು ನಾಲ್ಕೇ ಬಗೆಯವು. ಒಂದು ಅಕ್ಷರ ಬಿಟ್ಟುಹೋಗಿರುತ್ತದೆ, ಒಂದು ಜಾಸ್ತಿ ಸೇರಿರುತ್ತದೆ, ಒಂದರ ಬದಲು ಇನ್ನೊಂದು ಬಂದಿರುತ್ತದೆ, ಇಲ್ಲವೇ ಅಕ್ಕಪಕ್ಕದ ಎರಡು ಅದಲುಬದಲಾಗಿರುತ್ತವೆ. ಅಂದರೆ ತಪ್ಪು ಬರೆದವರು ಆ ಪದವನ್ನು ಬಹುಪಾಲು ಸರಿಯಾಗಿಯೇ ಬರೆದಿರುತ್ತಾರೆ. ಹತ್ತು ಅಕ್ಷರದ ಪದದಲ್ಲಿ ಒಂಬತ್ತು ಸರಿ ಇರುತ್ತವೆ. ನಾವು ಮಾತ್ರ ಕೆಂಪು ಪೆನ್ನು ಹಿಡಿದು ಇಡೀ ಪದವನ್ನು ಸುತ್ತಿಬಿಡುತ್ತೇವೆ. ಬರೆದವರಿಗೆ ಇದರಿಂದ ಏನು ತಿಳಿಯಬೇಕು?

ಕಿವಿ ಕೈಕೊಡುವ ಕಡೆ

ನನ್ನ ಅಣ್ಣನ ಮಗಳು ಒಮ್ಮೆ ಒಂದು ಕೋರ್ಸಿಗೆ ಇಂಗ್ಲಿಷ್‌ನಲ್ಲಿ ಪತ್ರ ಬರೆದಿದ್ದಳು. ಅದನ್ನು ಯಾರಿಗೋ ತೋರಿಸಿದ್ದಾಳೆ. ಅವರು ಬರೀ ಸುತ್ತುಗಳನ್ನು ಹಾಕಿ ವಾಪಸ್ ಕೊಟ್ಟಿದ್ದಾರೆ. ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದಳು. "ಅತ್ತೆ, ಇದರಲ್ಲಿ ಏನು ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ. ಜೋರಾಗಿ ಹೇಳಿ ನೋಡಿದೆ. ನಾನು ಬರೆದಿರೋದೇ ಸರಿ ಅನ್ಸುತ್ತೆ." ನೋಡಿದೆ. ಗ್ರಾಮರ್, ಡೆಫಿನೆಟ್, ಕಾಂಪಿಟಿಷನ್, ರಿಲೆಟಿವ್, ಸೆಪರೇಟ್. ಒಂದೊಂದರಲ್ಲೂ ಒಂದೊಂದೇ ಸ್ವರ ತಪ್ಪಿತ್ತು. ಅವಳು ಹೇಳಿದ್ದು ನಿಜವೇ. ಜೋರಾಗಿ ಹೇಳಿದರೂ ಆ ಸ್ವರ ಯಾವುದು ಎಂದು ಕೇಳಿಸುವುದಿಲ್ಲ.

ಕೇಳಿಸದಿರುವುದಕ್ಕೆ ಕಾರಣವಿದೆ. ಇಂಗ್ಲಿಷ್ ಪದದಲ್ಲಿ ಒಂದು ಭಾಗದ ಮೇಲೆ ಒತ್ತು ಬೀಳುತ್ತದೆ. ಉಳಿದ ಕಡೆ ಇರುವ ಸ್ವರಗಳು ಸೊರಗಿಹೋಗುತ್ತವೆ. ಬರೆಯುವುದು ಯಾವ ಅಕ್ಷರವೇ ಆಗಿರಲಿ, ಒತ್ತಿಲ್ಲದ ಜಾಗದಲ್ಲಿ ಅದು ಹೆಚ್ಚುಕಡಿಮೆ ಒಂದೇ ಮಸುಕಾದ 'ಅ' ಆಗಿಬಿಡುತ್ತದೆ. ಅಬೌಟ್‌ನ ಎ, ಟೇಕನ್‌ನ ಇ, ಪೆನ್ಸಿಲ್‌ನ ಐ, ಲೆಮನ್‌ನ ಓ, ಸರ್ಕಸ್‌ನ ಯು, ಐದೂ ಅಕ್ಷರ ಬೇರೆ, ಇಂಗ್ಲಿಷರ ಬಾಯಲ್ಲಿ ಬರುವ ಸದ್ದು ಮಾತ್ರ ಹತ್ತಿರಹತ್ತಿರ ಒಂದೇ. ಭಾಷಾಶಾಸ್ತ್ರದವರು ಇದನ್ನು ಶ್ವಾ ಎನ್ನುತ್ತಾರೆ. ಕನ್ನಡ ಬರೆದು ಬೆಳೆದವರಿಗೆ ಇದು ಸುಲಭಕ್ಕೆ ಹೊಳೆಯುವುದಿಲ್ಲ. ನಮ್ಮಲ್ಲಿ ಗುಡಿಸು ಕೊಟ್ಟರೆ ಇ, ಕೊಂಬು ಕೊಟ್ಟರೆ ಉ. ಪದದ ಮೊದಲಲ್ಲಿರಲಿ ನಡುವೆ ಇರಲಿ, ಅದರ ಸದ್ದು ಅದಕ್ಕೇ. ಹಾಗಾಗಿ ಕಿವಿಯನ್ನು ನಂಬಿ ಬರೆಯುವ ಅಭ್ಯಾಸ ನಮಗೆ ಗಟ್ಟಿಯಾಗಿರುತ್ತದೆ. ಇಂಗ್ಲಿಷ್‌ನ ಈ ಜಾಗದಲ್ಲಿ ಆ ಅಭ್ಯಾಸ ಕೈಕೊಡುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಇದೇ ಜಾಗದಲ್ಲಿ ಎಡವುತ್ತಾರೆ ಎನ್ನುವುದನ್ನು ಮರೆಯಬಾರದು.

ಕಿವಿ ಕೈಕೊಟ್ಟಾಗ ಆ ಪದದ ನೆಂಟರನ್ನು ಕೇಳಬೇಕು. ನಾನು ಅವಳಿಗೆ ಹೇಳಿದ್ದು ಇಷ್ಟೇ. "ಗ್ರಾಮರ್ ಬಿಡು. ಗ್ರಮ್ಯಾಟಿಕಲ್ ಅಂತ ಹೇಳು." ಹೇಳಿದಳು. "ಎಂ ಆದ್ಮೇಲೆ ಏನು ಕೇಳಿಸ್ತು?" "ಮ್ಯಾ... ಎ!" ಒತ್ತು ಬೇರೆ ಕಡೆ ಸರಿದಾಗ ಸೊರಗಿದ್ದ ಸ್ವರಕ್ಕೆ ಜೀವ ಬರುತ್ತದೆ. ಡೆಫಿನೆಟ್ ಒಳಗೆ ಫೈನೈಟ್ ಇದೆ, ಅಲ್ಲಿ ಐ ಸ್ಪಷ್ಟ. ಕಾಂಪಿಟಿಷನ್‌ಗೆ ಕಂಪೀಟ್ ಇದೆ, ಅಲ್ಲಿ ಪಿ ಆದ ಮೇಲೆ ಇ. ರಿಲೆಟಿವ್ ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು "ರಿಲೇಶನ್" ಎಂದಳು. ಎ ತಾನಾಗಿ ಸಿಕ್ಕಿತು. ಅವಳ ಮುಖದಲ್ಲಿ ಬಂದ ಬೆಳಕು ನನಗೆ ಇವತ್ತಿಗೂ ನೆನಪಿದೆ. ತಾನು ದಡ್ಡಿಯಲ್ಲ, ತನಗೆ ಯಾರೋ ದಾರಿ ಹೇಳಿರಲಿಲ್ಲ ಅಷ್ಟೇ, ಎಂದು ಆ ಹೊತ್ತಿಗೆ ಅವಳಿಗೆ ತಿಳಿದಿತ್ತು.

ಸೆಪರೇಟ್‌ಗೆ ಸ್ವಲ್ಪ ತಡಕಾಡಬೇಕಾಯಿತು. ಸೆಪರೇಶನ್ ಎಂದರೂ ಆ ಎ ಸೊರಗಿಯೇ ಇರುತ್ತದೆ. ಆದರೆ ಅದರ ಬೇರು ಲ್ಯಾಟಿನ್‌ನ 'ಪರಾರೆ' ಎಂಬ ಕ್ರಿಯಾಪದ. ಪ್ರಿಪೇರ್ ಹುಟ್ಟಿದ್ದೂ ಅದರಿಂದಲೇ. ಪ್ರಿಪೇರ್‌ನಲ್ಲಿ ಪಿ-ಎ-ಆರ್ ಚೆನ್ನಾಗಿ ಕೇಳಿಸುತ್ತದೆ. ಅದೇ ಪಿ-ಎ-ಆರ್ ಸೆಪರೇಟ್ ಒಳಗೂ ಕೂತಿದೆ. ಎಲ್ಲ ಪದಕ್ಕೂ ಹೀಗೆ ನೆಂಟರು ಸಿಗುತ್ತಾರೆ ಎಂದು ನಾನು ಹೇಳುವುದಿಲ್ಲ. ಸ್ಮಶಾನಕ್ಕೆ ಹೇಳುವ 'ಸೆಮೆಟರಿ'ಯಲ್ಲಿ ಮೂರೂ ಕಡೆ ಇ ಇದೆ. ಅದನ್ನು ಕಣ್ಣಲ್ಲೇ ನೆನಪಿಡಬೇಕು, ಬೇರೆ ದಾರಿಯಿಲ್ಲ. ಆದರೆ ಅಂಥವು ಕಡಿಮೆ. ಎಲ್ಲವನ್ನೂ ಬಾಯಿಪಾಠ ಮಾಡು ಎನ್ನುವುದಕ್ಕೂ, ಇಷ್ಟನ್ನು ಮಾತ್ರ ಬಾಯಿಪಾಠ ಮಾಡು ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ.

ಉಚ್ಚರಿಸದ ಅಕ್ಷರಗಳಿಗೂ ಇದೇ ಉಪಾಯ ನಡೆಯುತ್ತದೆ. ಸೈನ್ ಎನ್ನುವಾಗ ಜಿ ಸುಮ್ನೆ ಕೂತಿರುತ್ತದೆ, ಸಿಗ್ನಲ್ ಎನ್ನುವಾಗ ಬಾಯಿ ಬಿಡುತ್ತದೆ. ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ ಕೇಳಿಸುತ್ತದೆ. ಕಾಲಂನ ಕೊನೆಯ ಎನ್ ಕಾಲಮ್ನಿಸ್ಟ್‌ನಲ್ಲಿ ಕೇಳಿಸುತ್ತದೆ. ಸಾಲಕ್ಕೆ ಹೇಳುವ ಡೆಟ್‌ನ ಬಿ ಇನ್ನೂ ಸ್ವಾರಸ್ಯದ್ದು. ಆ ಪದ ಫ್ರೆಂಚ್‌ನಿಂದ ಬಂದಾಗ ಅದರಲ್ಲಿ ಬಿ ಇರಲೇ ಇಲ್ಲ. ಮುಂದೆ ಪಂಡಿತರು, ಲ್ಯಾಟಿನ್ ಮೂಲದಲ್ಲಿ ಬಿ ಇದೆಯಲ್ಲ ಎಂದು ತಂದು ಸೇರಿಸಿದರು. ಡೌಟ್‌ನ ಬಿ, ರಿಸೀಟ್‌ನ ಪಿ ಕೂಡ ಹಾಗೇ ಬಂದವು. ಸೇರಿಸಿದವರ ಪಾಂಡಿತ್ಯ ಏನೇ ಇರಲಿ, ನಮಗೆ ಡೆಬಿಟ್, ಡ್ಯೂಬಿಯಸ್, ರಿಸೆಪ್ಶನ್ ಎಂಬ ಸುಳಿವುಗಳಂತೂ ಸಿಕ್ಕವು. ಐಲ್ಯಾಂಡ್‌ನ ಎಸ್‌ಗೆ ಮಾತ್ರ ಇಷ್ಟೂ ಆಧಾರವಿಲ್ಲ. ಅದು ಹಳೆಯ ಇಂಗ್ಲಿಷಿನದೇ ಪದ. ಫ್ರೆಂಚ್‌ನಿಂದ ಬಂದ ಐಲ್ ಎಂಬ ಪದಕ್ಕೆ ಸಂಬಂಧಪಟ್ಟದ್ದು ಎಂದು ತಪ್ಪು ತಿಳಿದು ಎಸ್ ಸೇರಿಸಿದರು. ಆ ತಪ್ಪೇ ಈಗ ಸರಿಯಾದ ಸ್ಪೆಲ್ಲಿಂಗ್. ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಅಚ್ಚುಮೊಳೆ ತಂದದ್ದು 1476ರಲ್ಲಿ. ಜನರ ಉಚ್ಚಾರಣೆ ದೊಡ್ಡದಾಗಿ ಬದಲಾಗುತ್ತಿದ್ದ ಕಾಲ ಅದು. ಮಾತು ಮುಂದೆ ಹೋಯಿತು, ಅಚ್ಚಾದ ಸ್ಪೆಲ್ಲಿಂಗ್ ಬಹುಮಟ್ಟಿಗೆ ಅಲ್ಲೇ ನಿಂತಿತು. ಯೋಧನಿಗೆ ಹೇಳುವ ನೈಟ್ ಪದದಲ್ಲಿರುವ ಕೆ ಒಂದು ಕಾಲಕ್ಕೆ ನಿಜವಾಗಿ ಕೇಳಿಸುತ್ತಿತ್ತು. ಯಾರಾದರೂ "ಈ ಅಕ್ಷರ ಯಾಕೆ?" ಎಂದು ಕೇಳಿದಾಗ "ಅದು ಹಾಗೇ" ಎಂದು ಬಾಯಿ ಮುಚ್ಚಿಸುವುದಕ್ಕಿಂತ ಈ ಕತೆ ಹೇಳುವುದು ಒಳ್ಳೆಯದು. ಕತೆ ಗೊತ್ತಿದ್ದ ಅಕ್ಷರ ಬಿಟ್ಟುಹೋಗುವುದಿಲ್ಲ.

ಒಂದೋ, ಎರಡೋ?

ಕನ್ನಡದಲ್ಲಿ ಕತೆಯೇ ಬೇರೆ, ಕತ್ತೆಯೇ ಬೇರೆ. ಒತ್ತಕ್ಷರ ಕೊಟ್ಟರೆ ನಾಲಿಗೆ ಅಲ್ಲಿ ನಿಲ್ಲುತ್ತದೆ, ಕಿವಿಗೂ ಗೊತ್ತಾಗುತ್ತದೆ. ಇಂಗ್ಲಿಷ್‌ನಲ್ಲಿ ಹ್ಯಾಪಿಗೆ ಎರಡು ಪಿ ಬರೆಯುತ್ತಾರೆ, ಹೇಳುವುದು ಒಂದನ್ನೇ. ಅಲ್ಲಿ ಜೋಡಿ ಅಕ್ಷರ ಬಹಳ ಸಲ ತನ್ನ ಬಗ್ಗೆ ಏನೂ ಹೇಳುವುದಿಲ್ಲ, ಅದರ ಹಿಂದಿನ ಸ್ವರ ಗಿಡ್ಡ ಎಂದು ಹೇಳುತ್ತದೆ. ಡಿನ್ನರ್‌ಗೆ ಎರಡು ಎನ್, ಡೈನರ್‌ಗೆ ಒಂದು. ಹಾಪಿಂಗ್‌ಗೆ ಎರಡು ಪಿ, ಹೋಪಿಂಗ್‌ಗೆ ಒಂದು. ಇಷ್ಟು ತಿಳಿದರೆ ಸಣ್ಣ ಪದಗಳು ಹಿಡಿತಕ್ಕೆ ಬರುತ್ತವೆ.

ದೊಡ್ಡ ಪದಗಳನ್ನು ಬಿಡಿಸಿ ನೋಡಬೇಕು. ಡಿಸಪಾಯಿಂಟ್ ಎಂದರೆ ಡಿಸ್ ಮತ್ತು ಅಪಾಯಿಂಟ್. ಡಿಸ್‌ನಲ್ಲಿರುವುದು ಒಂದು ಎಸ್, ಆದ್ದರಿಂದ ಒಂದೇ. ಡಿಸ್ಯಾಟಿಸ್ಫೈಡ್‌ನಲ್ಲಿ ಡಿಸ್‌ನದೊಂದು, ಸ್ಯಾಟಿಸ್ಫೈಡ್‌ನದೊಂದು, ಆದ್ದರಿಂದ ಎರಡು. ರೆಕಮೆಂಡ್ ಎಂದರೆ ರಿ ಮತ್ತು ಕಮೆಂಡ್, ಹಾಗಾಗಿ ಸಿ ಒಂದು, ಎಂ ಎರಡು. ಅಕಾಮಡೇಟ್ ಬರೆಯುವಾಗ ಎಲ್ಲರ ಕೈ ನಡುಗುತ್ತದೆ. ಎಸಿ, ಸಿಓಎಂ, ಎಂಓಡಿ ಎಂದು ಮೂರು ತುಂಡು ಮಾಡಿದರೆ ಎರಡು ಸಿ, ಎರಡು ಎಂ ತಾವಾಗಿ ಬಂದು ಕೂರುತ್ತವೆ. ಮಿಲೇನಿಯಂನಲ್ಲಿ ವರ್ಷದ ಲ್ಯಾಟಿನ್ ಹೆಸರಿದೆ, ಆನ್ಯುಯಲ್‌ನಲ್ಲಿ ಇರುವ ಹಾಗೆಯೇ. ಅದಕ್ಕೇ ಅಲ್ಲೂ ಎರಡು ಎನ್. ಎಂಬರಾಸ್‌ಗೆ ಎರಡು ಆರ್, ಹರಾಸ್‌ಗೆ ಒಂದೇ ಆರ್, ಎರಡಕ್ಕೂ ಕೊನೆಯಲ್ಲಿ ಜೋಡಿ ಎಸ್. ಇದಕ್ಕೆ ನನ್ನ ಹತ್ತಿರ ಉಪಾಯವಿಲ್ಲ. ಸೆಮೆಟರಿಯ ಪಟ್ಟಿಗೆ ಸೇರಿಸಿಕೊಳ್ಳಿ.

ಪ್ರತ್ಯಯ ಸೇರಿಸುವಾಗ ಬರುವ ಜೋಡಿಗೆ ಮಾತ್ರ ಚೆಂದದ ನಿಯಮವಿದೆ, ಅದೂ ಒತ್ತಿನದೇ. ಸಂಭವಿಸುವುದಕ್ಕೆ ಹೇಳುವ ಅಕರ್ ಎನ್ನುವಾಗ ಒತ್ತು ಕೊನೆಯ ಭಾಗದ ಮೇಲೆ ಬೀಳುತ್ತದೆ. ಆದ್ದರಿಂದ ಅಕರ್ಡ್, ಅಕರೆನ್ಸ್ ಎರಡಕ್ಕೂ ಜೋಡಿ ಆರ್. ಆಫರ್, ವಿಸಿಟ್ ಎನ್ನುವಾಗ ಒತ್ತು ಮೊದಲ ಭಾಗದ ಮೇಲೆ, ಆದ್ದರಿಂದ ಏನೂ ಜೋಡಿಯಾಗುವುದಿಲ್ಲ. ಪ್ರಿಫರ್ಡ್‌ಗೆ ಎರಡು ಆರ್, ಆದರೆ ಪ್ರಿಫರೆನ್ಸ್ ಎನ್ನುವಾಗ ಒತ್ತು ಮೊದಲ ಭಾಗಕ್ಕೆ ಹೋಗುವುದರಿಂದ ಒಂದೇ. ಈ ನಿಯಮ ತಪ್ಪಿದ ಒಂದು ಪದ ಜಗತ್ತಿನ ಎಲ್ಲ ಕಂಪ್ಯೂಟರಿನಲ್ಲೂ ಇದೆ. ನೀವು ಒಂದು ಪುಟದ ಲಿಂಕ್ ಒತ್ತಿ ಇನ್ನೊಂದಕ್ಕೆ ಹೋದಾಗ, ಎಲ್ಲಿಂದ ಬಂದಿರಿ ಎಂದು ಬ್ರೌಸರ್ ಸಾಮಾನ್ಯವಾಗಿ ಒಂದು ಸಾಲಿನಲ್ಲಿ ತಿಳಿಸುತ್ತದೆ. ಆ ಸಾಲಿನ ಹೆಸರು ರೆಫರರ್. ರೆಫರ್‌ನ ಕೊನೆಗೆ ಒತ್ತು ಬೀಳುವುದರಿಂದ ನಡುವೆ ಎರಡು ಆರ್ ಬೇಕಿತ್ತು. ವೆಬ್ ಪುಟಗಳನ್ನು ಕಳಿಸುವ, ತರಿಸುವ ನಿಯಮಗಳನ್ನು ಹೇಳುವ, 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ ದಾಖಲೆಯಲ್ಲಿ ಒಂದೇ ಆರ್ ಇತ್ತು. ಅಷ್ಟರಲ್ಲಿ ಅದು ಬಳಕೆಗೆ ಬಂದುಬಿಟ್ಟಿತ್ತು. ಈಗ ತಿದ್ದಿದರೆ ಹಳೆಯ ವ್ಯವಸ್ಥೆಗಳು ಕೆಡುತ್ತವೆ. ಮುಂದೆ ಬಂದ ರೆಫರರ್ ಪಾಲಿಸಿ ಎಂಬ ಇನ್ನೊಂದು ಸಾಲಿನಲ್ಲಿ ಸ್ಪೆಲ್ಲಿಂಗ್ ಸರಿ ಇದೆ. ತಪ್ಪು ಮತ್ತು ಸರಿ ಎರಡೂ ಅಕ್ಕಪಕ್ಕದಲ್ಲಿ ಓಡಾಡುತ್ತಿವೆ.

ಹಾಡಿನ ಹಾಗೆ ಹೇಳಿಕೊಡುವ "ಐ ಮೊದಲು, ಇ ಆಮೇಲೆ, ಸಿ ಆದ ಮೇಲೆ ಮಾತ್ರ ಉಲ್ಟಾ" ಎಂಬ ಸೂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 'ಈ' ಎಂಬ ಉದ್ದ ಸದ್ದಿರುವ ಬಿಲೀವ್, ರಿಸೀವ್‌ನಂಥ ಪದಗಳಿಗೆ ಅದು ಸರಿ. ಅಲ್ಲೂ ಸೀಝ್, ಪ್ರೋಟೀನ್, ವಿಯರ್ಡ್ ಹೊರಗೆ ಉಳಿಯುತ್ತವೆ. ಫಾರಿನ್, ಹೈಟ್, ಸೈನ್ಸ್‌ಗೆ ಅನ್ವಯಿಸಲು ಹೋದರೆ ಕೆಟ್ಟೇಹೋಯಿತು. ಈ ಸೂತ್ರ ಕಲಿಸುವುದರಲ್ಲಿ ಪ್ರಯೋಜನವಿಲ್ಲ ಎಂದು 2009ರಲ್ಲಿ ಬ್ರಿಟನ್ ಸರ್ಕಾರದ ಶಿಕ್ಷಕರ ಕೈಪಿಡಿಯೇ ಹೇಳಿತು. ನನ್ನ ಅಭಿಪ್ರಾಯವೂ ಅದೇ.

ಕೆಂಪು ಗೀಟು ಬಾರದ ತಪ್ಪುಗಳು

ಈಗ ಕಂಪ್ಯೂಟರ್ ಇದೆಯಲ್ಲ, ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಸೆಪರೇಟ್ ತಪ್ಪಿದರೆ ಕೆಂಪು ಗೀಟು ಬೀಳುತ್ತದೆ, ನಿಜ. ಆದರೆ ಒಂದು ಅಕ್ಷರ ತಪ್ಪಿ ಹುಟ್ಟಿದ್ದು ಇನ್ನೊಂದು ಸರಿಯಾದ ಪದವೇ ಆಗಿದ್ದರೆ? ಫ್ರಂ ಬರೆಯಲು ಹೋಗಿ ಫಾರ್ಮ್, ಟ್ರಯಲ್ ಬರೆಯಲು ಹೋಗಿ ಟ್ರೇಲ್, ಕ್ವೈಟ್ ಜಾಗದಲ್ಲಿ ಕ್ವಯಟ್. ಮ್ಯಾನೇಜರ್‌ನ ನಡುವಿನ ಎ ಬಿಟ್ಟರೆ ದನದ ಗೋದಲಿಯ ಹೆಸರಾಗುತ್ತದೆ. ಯಾವುದಕ್ಕೂ ಗೀಟು ಬರುವುದೇ ಇಲ್ಲ ಎನ್ನುವ ಹಾಗಿಲ್ಲ, ಹೊಸ ತಂತ್ರಾಂಶಗಳು ಅಕ್ಕಪಕ್ಕದ ಪದಗಳನ್ನೂ ನೋಡುತ್ತವೆ. ಆದರೂ ತಪ್ಪಿಸಿಕೊಳ್ಳುವವು ಸಾಕಷ್ಟಿವೆ. ಇನ್ನು ಡೆಫಿನೆಟ್ಲಿಯನ್ನು ಅಡ್ಡಾದಿಡ್ಡಿ ಬರೆದು, ಕಂಪ್ಯೂಟರ್ ತೋರಿಸಿದ ಮೊದಲ ಪದವನ್ನೇ ಒಪ್ಪಿಬಿಟ್ಟರೆ ಅದು ಡಿಫಯಂಟ್ಲಿ ಆಗಿಬಿಡಬಹುದು. ಖಂಡಿತ ಬರುತ್ತೇನೆ ಎನ್ನಬೇಕಾದವರು ಸೆಡ್ಡು ಹೊಡೆದು ಬರುತ್ತೇನೆ ಎಂದಂತಾಯಿತು. ಸ್ಟೇಷನರಿಯಲ್ಲಿ ಇ ಇದ್ದರೆ ಕಾಗದ ಪೆನ್ನು, ಎ ಇದ್ದರೆ ನಿಂತಲ್ಲೇ ನಿಂತದ್ದು. ಇಲ್ಲೂ ನೆಂಟರೇ ಗತಿ. ಕಾಗದ ಪೆನ್ನು ಮಾರುವವನು ಸ್ಟೇಷನರ್, ಅವನ ಹೆಸರಿನ ಕೊನೆಗೆ ಇ-ಆರ್ ಇದೆ. ಇಟ್ಸ್‌ಗೆ ಅಪಾಸ್ಟ್ರಫಿ ಬೇಕೇ ಎಂಬ ಅನುಮಾನ ಬಂದರೆ ಅದನ್ನು ಇಟ್ ಈಸ್ ಎಂದು ಬಿಡಿಸಿ ಓದುವುದು ಸಾಕು. ಬಿಡಿಸಿ ಓದಿದರೆ ವಾಕ್ಯ ಕೆಡುತ್ತದೆ ಎಂದಾದರೆ ಅಪಾಸ್ಟ್ರಫಿ ಬೇಡ. ಬಿಡಿಸಿದಾಗ ಇಟ್ ಹ್ಯಾಸ್ ಆಗುವ ವಾಕ್ಯಗಳೂ ಇವೆ, ಅವಕ್ಕೆ ಬೇಕು.

ಕಣ್ಣಿನ ತೊಂದರೆ ಬೇರೆಯೇ. ನಾನು ಕೆಲಸಕ್ಕೆ ಹೊಸದಾಗಿ ಸೇರಿದಾಗ ಪಕ್ಕದ ಮೇಜಿನಲ್ಲಿ ಪ್ರೂಫ್ ನೋಡುವ ಹಿರಿಯರೊಬ್ಬರಿದ್ದರು. ಅವರು ಸಾಲಿನ ಕೆಳಗೆ ಮರದ ಸ್ಕೇಲ್ ಇಟ್ಟು, ಪುಟದ ಕೊನೆಯ ಪದದಿಂದ ಮೊದಲ ಪದದವರೆಗೆ ಹಿಂದಕ್ಕೆ ಓದುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಒಂದೊಂದು ಪದದ ಕೆಳಗೂ ಪೆನ್ಸಿಲ್ ತುದಿ ಒಂದು ಕ್ಷಣ ನಿಲ್ಲುತ್ತಿತ್ತು. "ಹೀಗೆ ಓದಿದರೆ ಏನೂ ಅರ್ಥ ಆಗಲ್ಲವಲ್ಲ ಸರ್" ಎಂದೆ. "ಆಗಬಾರದಮ್ಮ" ಎಂದರು. "ಅರ್ಥ ಸಿಕ್ಕರೆ ಕಣ್ಣು ಓಡುತ್ತೆ. ಮುಂದೆ ಏನಿದೆ ಅಂತ ಅದಕ್ಕೆ ಮೊದಲೇ ಗೊತ್ತಿರುತ್ತೆ, ಅದನ್ನೇ ನೋಡುತ್ತೆ." ಅರ್ಥಕ್ಕಾಗಿ ಅವರು ಬೇರೆಯಾಗಿ ಒಮ್ಮೆ ಓದುತ್ತಿದ್ದರು. ಅಕ್ಷರಕ್ಕಾಗಿ ಓದುವಾಗ ಅಕ್ಷರ ಮಾತ್ರ. ತಲೆಬರಹ, ಚಿತ್ರದ ಕೆಳಗಿನ ಸಾಲು, ಪುಟದ ತುದಿಯ ಸಣ್ಣಕ್ಷರ, ಇವನ್ನು ಅವರು ಎಲ್ಲಕ್ಕಿಂತ ಮೊದಲು ನೋಡುತ್ತಿದ್ದರು. ದೊಡ್ಡದಾಗಿ ಬರೆದದ್ದು ಸರಿಯೇ ಇರುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಬರೀ ಕ್ಯಾಪಿಟಲ್ ಅಕ್ಷರದ ಪದಗಳನ್ನು ನೋಡದೆ ಬಿಡುವ ಆಯ್ಕೆಯೂ ಕೆಲವು ತಂತ್ರಾಂಶಗಳಲ್ಲಿದೆ, ಅದು ಆನ್ ಇದ್ದರೆ ತಲೆಬರಹದ ತಪ್ಪಿಗೆ ಗೀಟೇ ಬೀಳುವುದಿಲ್ಲ.

ಸಣ್ಣಕ್ಷರದ ಮಾತು ಬಂದಾಗೆಲ್ಲ ನನಗೆ ಆಸ್ಟ್ರೇಲಿಯಾದ 50 ಡಾಲರ್ ನೋಟು ನೆನಪಾಗುತ್ತದೆ. 2018ರ ಅಕ್ಟೋಬರಿನಲ್ಲಿ ಹೊಸ ನೋಟು ಬಂತು. ಅಲ್ಲಿನ ಸಂಸತ್ತೊಂದಕ್ಕೆ ಆಯ್ಕೆಯಾದ ಮೊದಲ ಮಹಿಳೆ ಈಡಿತ್ ಕೋವನ್ ಅವರ ಚಿತ್ರ, ಜೊತೆಗೆ ಭೂತಗನ್ನಡಿ ಹಿಡಿದರಷ್ಟೇ ಕಾಣುವ ಅಕ್ಷರದಲ್ಲಿ ಅವರ ಮೊದಲ ಭಾಷಣದ ಸಾಲುಗಳು. ಅದರಲ್ಲಿ ರೆಸ್ಪಾನ್ಸಿಬಿಲಿಟಿ ಪದದ ಕೊನೆಯ ಐ ಬಿಟ್ಟುಹೋಗಿತ್ತು. ಸುದ್ದಿಯಾದದ್ದು 2019ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಸುಮಾರು 4 ಕೋಟಿ 60 ಲಕ್ಷ ನೋಟುಗಳು ಚಲಾವಣೆಗೆ ಬಂದಿದ್ದವು. ಇಲ್ಲೂ ನೋಡಿ, ಹೋದದ್ದು ಒತ್ತಿಲ್ಲದ, ಸೊರಗಿದ ಸ್ವರವೇ.

ತಿದ್ದುವ ಮೊದಲು

ತಪ್ಪಲ್ಲದ್ದನ್ನು ತಿದ್ದುವುದು ತಿದ್ದದೆ ಬಿಡುವುದಕ್ಕಿಂತ ಕೆಟ್ಟದ್ದು ಎಂದು ನಾನು ನಂಬಿದ್ದೇನೆ. 1992ರ ಜೂನ್‌ನಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ನ್ಯೂಜೆರ್ಸಿಯ ಒಂದು ಶಾಲೆಗೆ ಹೋಗಿದ್ದರು. ಒಬ್ಬ ಹುಡುಗ ಬೋರ್ಡಿನ ಮೇಲೆ ಪೊಟ್ಯಾಟೊ ಎಂದು ಸರಿಯಾಗಿ ಬರೆದ. ಕೊನೆಗೆ ಇನ್ನೊಂದು ಅಕ್ಷರ ಬೇಕು ಎಂದು ಅವರು ಹೇಳಿ ಇ ಸೇರಿಸುವಂತೆ ಮಾಡಿದರು. ಅವರ ಕೈಗೆ ಕೊಟ್ಟಿದ್ದ ಕಾರ್ಡಿನಲ್ಲೇ ಆ ತಪ್ಪಿತ್ತು. ಊರೆಲ್ಲ ಅವರನ್ನು ನೋಡಿ ನಕ್ಕಿತು. ನನಗೆ ಮಾತ್ರ ಆ ಹುಡುಗನದೇ ಯೋಚನೆ. ಸರಿ ಬರೆದವನು ದೊಡ್ಡವರ ಮಾತಿಗೆ ಕಟ್ಟುಬಿದ್ದು ತಪ್ಪು ಬರೆಯಬೇಕಾಯಿತಲ್ಲ. ಅನುಮಾನ ಎಷ್ಟೇ ಸಣ್ಣದಿರಲಿ, ಬೇರೆಯವರ ಪದದ ಮೇಲೆ ಪೆನ್ನು ಇಡುವ ಮೊದಲು ಡಿಕ್ಷನರಿ ತೆಗೆಯಬೇಕು.

ಕಲರ್, ಸೆಂಟರ್, ಟ್ರಾವೆಲ್ಡ್ ವಿಷಯದಲ್ಲೂ ಅಷ್ಟೇ. ನೋವಾ ವೆಬ್‌ಸ್ಟರ್ 1828ರಲ್ಲಿ ಹೊರತಂದ ಡಿಕ್ಷನರಿಯಿಂದ ಗಟ್ಟಿಯಾದ ಅಮೆರಿಕನ್ ರೂಪವೂ ಸರಿ, ಬ್ರಿಟಿಷ್ ರೂಪವೂ ಸರಿ. ಒಂದೇ ಬರಹದಲ್ಲಿ ಎರಡೂ ಬೆರೆತಿದ್ದರೆ ಮಾತ್ರ ತೊಂದರೆ. ಹೆಸರುಗಳು ಬಂದಾಗ ಈ ಲೆಕ್ಕವೂ ನಡೆಯುವುದಿಲ್ಲ. ಎಂಡೆವರ್ ಎಂಬ ಅಮೆರಿಕದ ಬಾಹ್ಯಾಕಾಶ ನೌಕೆಗೆ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗಿನ ಹೆಸರಿಟ್ಟಿದ್ದರು, ಆದ್ದರಿಂದ ಬ್ರಿಟಿಷ್ ಸ್ಪೆಲ್ಲಿಂಗ್, ಓ ಆದ ಮೇಲೆ ಯು. 2007ರಲ್ಲಿ ಅದನ್ನು ಹಾರಿಸುವ ಕಡೆ ಶುಭ ಕೋರಿ ಕಟ್ಟಿದ ಬ್ಯಾನರಿನಲ್ಲಿ ಯು ಇರಲಿಲ್ಲ. ಅಮೆರಿಕದ ಡಿಕ್ಷನರಿ ಪ್ರಕಾರ ಬ್ಯಾನರ್ ಸರಿ, ನೌಕೆಯ ಪ್ರಕಾರ ತಪ್ಪು.

ಕರಡು ವಾಪಸ್ ಕೊಡುವಾಗ ನಾನು ಈಗ ಪದ ಸುತ್ತುವುದಿಲ್ಲ. ತಪ್ಪಿದ ಒಂದು ಅಕ್ಷರದ ಕೆಳಗೆ ಮಾತ್ರ ಗೀಟು ಹಾಕಿ, ಅಂಚಿನಲ್ಲಿ ಅದರ ನೆಂಟ ಪದ ಬರೆಯುತ್ತೇನೆ. ನಾಲ್ಕು ಜನರ ಮುಂದೆ ಯಾರ ತಪ್ಪನ್ನೂ ಓದಿ ಹೇಳುವುದಿಲ್ಲ. ಮನುಷ್ಯರ ಹೆಸರುಗಳನ್ನು ಮಾತ್ರ ಮುಟ್ಟುವುದೇ ಇಲ್ಲ. ಕ್ಯಾಥರಿನ್ ಸಿ ಇಂದಲೂ ಶುರುವಾಗುತ್ತದೆ, ಕೆ ಇಂದಲೂ. ಸ್ಟೀವನ್‌ನಲ್ಲಿ ವಿ ಇರಬಹುದು, ಪಿ-ಎಚ್ ಇರಬಹುದು. ಯಾವ ಡಿಕ್ಷನರಿಯೂ ಇದನ್ನು ಹೇಳುವುದಿಲ್ಲ, ನೆಂಟ ಪದವೂ ಇಲ್ಲ. ಅದಕ್ಕೇ ಕರಡಿನಲ್ಲಿ ಬರುವ ಹೆಸರುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಇಳಿಸಿಕೊಂಡು, ಬರೆದವರಿಗೆ ಕಳಿಸಿ, ಒಂದೊಂದನ್ನೂ ಆಯಾ ಜನರನ್ನೇ ಕೇಳಿ ನೋಡಿ ಎನ್ನುತ್ತೇನೆ. ಆ ಹಾಳೆ ವಾಪಸ್ ಬರುವ ತನಕ ಕೆಲಸ ಮುಗಿಯಿತು ಎಂದು ಹೇಳುವುದಿಲ್ಲ.